ಕಷಾಯಕ್ಕಿಂತ ಮೊದಲು ಗಿಡ

ಮೈಸೂರಿನಲ್ಲಿ ಕೈತೋಟ ಮಾಡುವ ಗೆಳೆಯರು ಸೇರಿದ್ದಾಗ ನೆಲಬೇವಿನ ಬಗ್ಗೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಬಿಟ್ಟುಹೋದದ್ದನ್ನು ಸೇರಿಸಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಮಾತಿನ ಜೊತೆಗೇ ಬೆರೆಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಿಮ್ಮ ಕೈಗೆ ಒಂದೊಂದು ಎಲೆ ಬಂದಿದೆ. ಬೆರಳಲ್ಲಿ ಉಜ್ಜಿ ಮೂಸಿ ನೋಡಿ. ವಾಸನೆ ಏನೂ ಇಲ್ಲ, ಅಲ್ವಾ? ತುಳಸಿ ಉಜ್ಜಿದರೆ ಕಣ್ಣು ಮುಚ್ಚಿದ್ದರೂ ತುಳಸಿ ಅಂತ ಗೊತ್ತಾಗುತ್ತದೆ. ದೊಡ್ಡಪತ್ರೆ ಉಜ್ಜಿದರೆ ಕೋಣೆಯೆಲ್ಲ ಘಮ್ಮೆನ್ನುತ್ತದೆ. ಇದು ಹಾಗಲ್ಲ, ಬರೀ ಹಸಿರು ಎಲೆ. ಈಗ ತುದಿಯಿಂದ ಸಾಸಿವೆ ಕಾಳಿನಷ್ಟು ಮುರಿದು ನಾಲಿಗೆ ಮೇಲೆ ಇಟ್ಟುಕೊಳ್ಳಿ. ಗರ್ಭಿಣಿಯರು ಬೇಡ. ಮಕ್ಕಳಿಗೂ ಬೇಡ. ಔಷಧಿಗಳ ಅಲರ್ಜಿ ಇರುವವರು ಸುಮ್ನೆ ನೋಡುತ್ತಾ ಕೂತಿರಿ.

ಮೊದಲು ಏನೂ ಅನ್ನಿಸುವುದಿಲ್ಲ. ಆಮೇಲೆ ನಾಲಿಗೆಯ ಹಿಂದಿನಿಂದ ಎದ್ದು ಬರುತ್ತದೆ. ಬಂದ ಮೇಲೆ ಬೇಗ ಹೋಗುವುದಿಲ್ಲ. ನೀರು ಕುಡಿದರೂ ಇರುತ್ತದೆ, ಬೆಲ್ಲ ತಿಂದರೂ ಬೆಲ್ಲದ ಹಿಂದೆ ಇರುತ್ತದೆ. ಬೇವಿನ ಚಿಗುರನ್ನು ಯುಗಾದಿಗೆ ತಿನ್ನುತ್ತೇವೆ, ಹಾಗಲಕಾಯಿಯ ಗೊಜ್ಜು ಮಾಡುತ್ತೇವೆ. ಈ ಎಲೆಯ ಮುಂದೆ ಅವೆರಡೂ ಸಾಧು. ಈ ಸೊಪ್ಪು ಕೊಯ್ದ ಕೈಯನ್ನು ಸೋಪು ಹಾಕಿ ತೊಳೆಯದೆ ಅನ್ನ ಕಲೆಸಿದರೆ ಮೊದಲ ತುತ್ತೇ ಕಹಿ. ನಮ್ಮ ಮನೆಯಲ್ಲಿ ಒಂದು ಸಲ ಹೀಗಾಗಿ, ಸಾರು ಕೆಟ್ಟಿದೆ ಅಂತ ಇಡೀ ಪಾತ್ರೆ ಚೆಲ್ಲಿದ್ದೇವೆ. ಸಾರಿನದು ಏನೂ ತಪ್ಪಿರಲಿಲ್ಲ.

ಇದರ ಹೆಸರು ನೆಲಬೇವು. ಸಸ್ಯಶಾಸ್ತ್ರದಲ್ಲಿ ಆಂಡ್ರೋಗ್ರಾಫಿಸ್ ಪ್ಯಾನಿಕ್ಯುಲೇಟ. ನಿಮ್ಮಲ್ಲಿ ಕರಾವಳಿಯವರು, ಮಲೆನಾಡಿನವರು ಇದ್ದರೆ ಇದನ್ನು ಕಿರಾತಕಡ್ಡಿ ಅನ್ನುತ್ತೀರಿ. ಬಂಗಾಳದವರಿಗೆ, ಹಿಂದಿಯವರಿಗೆ ಕಾಲಮೇಘ. ತಮಿಳರಿಗೆ ನಿಲವೇಂಬು, ತೆಲುಗರಿಗೆ ನೇಲವೇಮು. ದಕ್ಷಿಣದ ಮೂರು ಭಾಷೆಗಳೂ ನೆಲಕ್ಕೆ ಹತ್ತಿರ ಇರುವ ಬೇವು ಅಂತಲೇ ಕರೆದಿವೆ. ಕಹಿಗೆ ಬೇವು, ಎತ್ತರಕ್ಕೆ ನೆಲ. ಬೇವಿನ ಮರಕ್ಕೂ ಇದಕ್ಕೂ ನಂಟೇನೂ ಇಲ್ಲ. ಇದರ ನೆಂಟರು ಬೇರೆ. ಆಡುಸೋಗೆ, ಗೋರಂಟೆ, ಮುಡಿಯುವ ಕನಕಾಂಬರ, ಇವು ಇದೇ ಮನೆತನದವು. ಕನಕಾಂಬರದ ನೆಂಟಸ್ತಿಕೆಯನ್ನು ನೆನಪಿಟ್ಟುಕೊಳ್ಳಿ, ಬೀಜದ ಮಾತು ಬಂದಾಗ ಬೇಕಾಗುತ್ತದೆ.

ಕಿರಾತಕಡ್ಡಿ ಅನ್ನುವ ಹೆಸರಿನಲ್ಲಿ ಒಂದು ತೊಡಕಿದೆ. ಅದನ್ನು ಬಿಡಿಸದೆ ಮುಂದೆ ಹೋಗಬಾರದು. ನಾನು ಈ ಗಿಡ ಬೆಳೆಸಲು ಶುರು ಮಾಡಿದ್ದೇ ಆ ತೊಡಕಿನಿಂದ.

ಹಲವು ವರ್ಷಗಳ ಹಿಂದೆ ಒಂದು ಗ್ರಂಥಿಗೆ ಅಂಗಡಿಗೆ ಹೋಗಿ ಕಿರಾತಕಡ್ಡಿ ಕೊಡಿ ಅಂದೆ. ಹಳೇ ಪೇಪರಿನಲ್ಲಿ ಸುತ್ತಿ ಒಂದು ಕಟ್ಟು ಕೊಟ್ಟರು. ಮನೆಗೆ ತಂದು ಬಿಚ್ಚಿದರೆ ಅದರಲ್ಲಿ ಎರಡು ಥರದ ಕಡ್ಡಿ. ಒಂದಷ್ಟು ಕಂದುನೇರಳೆ ಬಣ್ಣದವು, ಬುಡದಲ್ಲಿ ದುಂಡಗೆ. ಮುರಿದರೆ ಒಳಗೆ ಹಳದಿ ತಿರುಳು. ಇನ್ನಷ್ಟು ತೆಳ್ಳಗೆ, ಹಸಿರುಮಿಶ್ರಿತ ಕಂದು, ನಾಲ್ಕು ಮೂಲೆ ಇರುವ ಚೌಕ ಕಡ್ಡಿ. ಎರಡನ್ನೂ ನಾಲಿಗೆಗೆ ಮುಟ್ಟಿಸಿದೆ. ಎರಡೂ ಕಹಿ. ಮರುದಿನ ಅಂಗಡಿಯವರನ್ನು ಕೇಳಿದೆ. "ಎರಡೂ ಅದೇ ಸಾರ್, ಬೇರೆ ಬೇರೆ ಕಡೆಯಿಂದ ಬರುತ್ತೆ" ಅಂದರು. ಅವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರಿಗೆ ಬಂದ ಮೂಟೆಯಲ್ಲೇ ಹಾಗಿತ್ತು. ಆದರೆ ಎರಡೂ ಅದೇ ಅಲ್ಲ.

ಸಂಸ್ಕೃತದ ಕಿರಾತತಿಕ್ತ ಹಿಮಾಲಯದ ಗಿಡ. ಕಿರಾತರು ಅಂದರೆ ಆ ಬೆಟ್ಟಗಳ ಜನ. ಅವರ ಕಡೆಯ ಕಹಿ ಅಂತ ಆ ಹೆಸರು. ಸಸ್ಯಶಾಸ್ತ್ರದವರು ಅದನ್ನು ಸ್ವರ್ಷಿಯ ಚಿರಾಯಿತ ಅನ್ನುತ್ತಾರೆ. 1,200 ಮೀಟರಿನಿಂದ 3,000 ಮೀಟರ್ ಎತ್ತರದ ತಂಪಿನಲ್ಲಿ ಬೆಳೆಯುತ್ತದೆ. ಮೈಸೂರಿನ ಬಿಸಿಲಿಗೆ ಅದು ಬರುವುದಿಲ್ಲ. ಕಾಡಿನಿಂದ ಕಿತ್ತು ಕಿತ್ತು ಅಲ್ಲಿಯೂ ಕಡಿಮೆಯಾಗಿದೆ. ದೂರದ ಆ ಕಡ್ಡಿ ನಮ್ಮ ಕಡೆ ದುಬಾರಿ, ಸಿಗುವುದೂ ಕಷ್ಟ. ಹಾಗಾಗಿ ಇಲ್ಲೇ ಬೇಲಿ ಬದಿಯಲ್ಲಿ ಬೆಳೆಯುವ, ಅಷ್ಟೇ ಕಹಿಯಾದ ನೆಲಬೇವು ಅದರ ಜಾಗಕ್ಕೆ ಬಂತು. ಜಾಗದ ಜೊತೆಗೆ ಹೆಸರೂ ಬಂತು. ಹಳೆಯ ಗ್ರಂಥಗಳ ಭೂನಿಂಬ ಅನ್ನುವ ಪದವನ್ನೂ ಕೆಲವರು ಅದಕ್ಕೆ, ಕೆಲವರು ಇದಕ್ಕೆ ಹೇಳುತ್ತಾರೆ. ಕನ್ನಡದ ನೆಲಬೇವು ಭೂನಿಂಬದ ಸರಿಸಮ ಪದ, ನೋಡಿ.

ಎರಡು ಗಿಡ, ಒಂದೇ ಹೆಸರು. ಎರಡೂ ಕಹಿಯಾಗಿರುವುದರಿಂದ ಕುಡಿದವರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಳಗಿರುವ ಅಂಶಗಳು ಮಾತ್ರ ಬೇರೆ. ನೆಲಬೇವಿನ ಕಹಿಗೆ ಮುಖ್ಯ ಕಾರಣ ಆಂಡ್ರೋಗ್ರಾಫೊಲೈಡ್ ಅನ್ನುವ ವಸ್ತು. ಇದು ಎಲೆಯಲ್ಲಿ ಜಾಸ್ತಿ, ಕಡ್ಡಿಯಲ್ಲಿ ಕಡಿಮೆ. ಅಂಗಡಿಯಲ್ಲಿ ಸಿಗುವ ಕಟ್ಟಿನಲ್ಲಿ ಎಲೆ ಉದುರಿಹೋಗಿ ಬರೀ ಕಡ್ಡಿ ಉಳಿದಿರುತ್ತದೆ. ಅಂದರೆ ಬೇಕಾದ್ದು ಮೂಟೆಯ ತಳದಲ್ಲಿ ಪುಡಿಯಾಗಿ ಉಳಿಯಿತು, ಮನೆಗೆ ಬಂದದ್ದು ಉಳಿಕೆ.

ಅವತ್ತು ನನಗೆ ಅನ್ನಿಸಿತು, ಇದನ್ನು ಬೀಜದಿಂದ ಬೀಜದವರೆಗೆ ಒಂದು ವರ್ಷ ಬೆಳೆಸಿ ನೋಡಬೇಕು ಅಂತ. ಇವತ್ತೂ ನಿಮಗೆ ಹೇಳುವುದು ಅದನ್ನೇ. ಮದ್ದು ಅಂತ ಕುಡಿಯುವುದಕ್ಕೆ ಮೊದಲು ಅದರ ಜೊತೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿರಿ. ಮೊಳಕೆ ಹೇಗಿರುತ್ತದೆ, ಹೂವು ಹೇಗಿರುತ್ತದೆ, ಕಾಯಿ ಹೇಗಿರುತ್ತದೆ ಅಂತ ಕಣ್ಣಿಗೆ ಕೂತ ಮೇಲೆ ಯಾವ ಅಂಗಡಿಯ ಕಟ್ಟೂ ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ.

ಈಗ ಬಿತ್ತನೆಗೆ ಬರೋಣ.

ಮೊದಲ ವರ್ಷ ನನಗೆ ಒಂದು ಮೊಳಕೆಯೂ ಬರಲಿಲ್ಲ. ಪರಿಚಯದವರೊಬ್ಬರು ಒಂದು ಚಿಟಿಕೆ ಬೀಜ ಕೊಟ್ಟಿದ್ದರು. ಆಗಷ್ಟೇ ಗಿಡದಿಂದ ತೆಗೆದದ್ದು. ಹೊಸ ಬೀಜ ಒಳ್ಳೆಯದು ಅಂದುಕೊಂಡು ತಕ್ಷಣ ಬಿತ್ತಿದೆ. ಬೆಂಡೆ ಬೀಜ ಹಾಕುವ ಹಾಗೆ ಬೆರಳಲ್ಲಿ ಗುಳಿ ಮಾಡಿ, ಮಣ್ಣು ಮುಚ್ಚಿ, ದಿನಾ ನೀರು ಹಾಕಿದೆ. ಒಂದು ತಿಂಗಳು ಕಾದೆ. ಏನೂ ಇಲ್ಲ. ಕುಂಡದ ಮಣ್ಣನ್ನು ಹಿತ್ತಲಿನ ಮೂಲೆಗೆ ಸುರಿದು, ಅದೇ ಕುಂಡಕ್ಕೆ ಮೆಂತ್ಯ ಹಾಕಿದೆ.

ಅಲ್ಲಿ ಎರಡು ತಪ್ಪಾಗಿತ್ತು. ಮೊದಲನೆಯದು, ನೆಲಬೇವಿನ ಬೀಜಕ್ಕೆ ನಿದ್ದೆ ಇದೆ. ಅದರ ಸಿಪ್ಪೆ ಗಟ್ಟಿ. ನೀರು ಸುಲಭವಾಗಿ ಒಳಗೆ ಹೋಗುವುದಿಲ್ಲ. ಕಾಯಿ ಒಡೆದು ಐದಾರು ತಿಂಗಳಾದ ಮೇಲೆ ಆ ಬಿಗಿ ತಾನಾಗಿ ಸಡಿಲವಾಗುತ್ತದೆ. ಲೆಕ್ಕ ಹಾಕಿ ನೋಡಿ. ನಮ್ಮ ಕಡೆ ಕಾಯಿ ಒಣಗುವುದು ಸಂಕ್ರಾಂತಿಯ ಆಸುಪಾಸು. ಅಲ್ಲಿಂದ ಐದಾರು ತಿಂಗಳು ಅಂದರೆ ಸರಿಯಾಗಿ ಮುಂಗಾರು. ಬೇಸಿಗೆಯ ಅಡ್ಡ ಮಳೆ ಒಂದು ಬಿದ್ದ ತಕ್ಷಣ ಮೊಳೆತು ಮುಂದಿನ ಬಿಸಿಲಿಗೆ ಸಾಯಬಾರದು ಅಂತ ಬೀಜ ಕಾಯುತ್ತದೆ. ಇದನ್ನು ತಿಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಾನು ತಪ್ಪು ಅಂದುಕೊಂಡದ್ದು ಆ ಬೀಜದ ಜಾಣತನವಾಗಿತ್ತು.

ಎರಡನೆಯ ತಪ್ಪು, ಆಳ. ಬೀಜ ತುಂಬ ಚಿಕ್ಕದು. ಗಸಗಸೆಗಿಂತ ದಪ್ಪ, ಎಳ್ಳಿಗಿಂತ ಸಣ್ಣ. ಹಳದಿಮಿಶ್ರಿತ ಕಂದು ಬಣ್ಣ, ಮೈ ಒರಟು. ಅಷ್ಟು ಚಿಕ್ಕ ಬೀಜಕ್ಕೆ ಒಂದು ಬೆರಳು ಮಣ್ಣನ್ನು ಎತ್ತಿಕೊಂಡು ಮೇಲೆ ಬರುವ ಶಕ್ತಿ ಇರುವುದಿಲ್ಲ.

ಈಗ ನಾನು ಮಾಡುವುದು ಹೀಗೆ. ಸಂಕ್ರಾಂತಿ ಹೊತ್ತಿಗೆ ತೆಗೆದಿಟ್ಟ ಬೀಜವನ್ನು ಮೇ ಕೊನೆಗೆ, ರೋಹಿಣಿ ಮಳೆ ಹತ್ತಿರ ಬಂದಾಗ ಹೊರಗೆ ತೆಗೆಯುತ್ತೇನೆ. ಒಂದು ಮುಷ್ಟಿ ದಪ್ಪ ಮರಳಿನ ಜೊತೆ ಹಾಕಿ ಎರಡು ಅಂಗೈ ನಡುವೆ ಮೆಲ್ಲಗೆ ಉಜ್ಜುತ್ತೇನೆ. ಮರಳು ಸಿಪ್ಪೆಯನ್ನು ಸವೆಸುತ್ತದೆ. ಆಮೇಲೆ ಮರಳು ಬೀಜ ಎರಡನ್ನೂ ಒಟ್ಟಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ನೀರು ಬಸಿದು, ಮರಳಿನ ಸಮೇತ ಸಸಿ ಟ್ರೇಯ ಮೇಲೆ ಚೆಲ್ಲುತ್ತೇನೆ. ಮರಳು ಇರುವುದರಿಂದ ಬೀಜ ಒಂದೇ ಕಡೆ ಬೀಳುವುದಿಲ್ಲ. ಮೇಲೆ ಜರಡಿ ಹಿಡಿದ ಎರೆಗೊಬ್ಬರ ಉದುರಿಸಿದರೆ ಸಾಕು. ಬೀಜ ಕಾಣದಷ್ಟು, ಅದಕ್ಕಿಂತ ಜಾಸ್ತಿ ಬೇಡ.

ನೀರನ್ನು ಸಿಂಪಡಿಸಬೇಕು, ಸುರಿಯಬಾರದು. ಚೊಂಬಿನಲ್ಲಿ ಸುರಿದರೆ ಬೀಜವೆಲ್ಲ ಟ್ರೇಯ ಮೂಲೆ ಸೇರುತ್ತದೆ. ಮೊಳಕೆ ಒಂದೇ ದಿನ ಬರುವುದಿಲ್ಲ. ವಾರದಲ್ಲಿ ಕೆಲವು, ಎರಡು ವಾರಕ್ಕೆ ಇನ್ನು ಕೆಲವು, ಮೂರನೇ ವಾರಕ್ಕೂ ಒಂದೊಂದು. ಹತ್ತು ಬಂದವು ಅಂತ ಟ್ರೇಯನ್ನು ಕಲಕಬೇಡಿ. ಈ ಹಂತದಲ್ಲಿ ನೀರು ಹೆಚ್ಚಾದರೆ ಸಸಿಯ ಬುಡ ಕೊಳೆತು, ಬೆಳಿಗ್ಗೆ ನಿಂತಿದ್ದದ್ದು ಸಂಜೆಗೆ ಮಲಗಿರುತ್ತದೆ. ಬಸವನ ಹುಳು ಬೇರೆ, ಮಳೆಗಾಲದ ರಾತ್ರಿ ಎಳೆ ಸಸಿಯನ್ನು ಕತ್ತರಿಸಿಕೊಂಡು ಹೋಗುತ್ತದೆ. ಟ್ರೇಯನ್ನು ಸ್ಟೂಲಿನ ಮೇಲೆ, ಮಳೆ ನೇರ ಹೊಡೆಯದ ಕಡೆ ಇಡಿ.

ನಾಲ್ಕಾರು ಎಲೆ ಬಂದು ಬೆರಳುದ್ದ ಆದಾಗ, ಸುಮಾರು ಐದಾರು ವಾರಕ್ಕೆ, ನೆಡಬಹುದು. ಆರಿದ್ರಾ ಮಳೆ ಕಳೆಯುವ ಹೊತ್ತು ಸರಿಹೋಗುತ್ತದೆ. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಿ. ಹೊಲದಲ್ಲಿ ಬೆಳೆಯುವವರು ಇನ್ನೂ ಹತ್ತಿರ, ಸಾಲಿಗೆ 30 ಸೆಂಟಿಮೀಟರ್, ಗಿಡಕ್ಕೆ 15 ಸೆಂಟಿಮೀಟರ್ ಲೆಕ್ಕದಲ್ಲೂ ಹಾಕುತ್ತಾರೆ. ಕುಂಡವಾದರೆ ಹತ್ತು ಹನ್ನೆರಡು ಇಂಚಿನದು, ಒಂದಕ್ಕೆ ಒಂದು ಗಿಡ, ಹೆಚ್ಚೆಂದರೆ ಎರಡು. ಮಣ್ಣಿನ ವಿಷಯದಲ್ಲಿ ಇದಕ್ಕೆ ಹಟ ಇಲ್ಲ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಸಾಕು. ನೀರು ನಿಲ್ಲಬಾರದು, ಅಷ್ಟೇ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, "ನಮ್ಮದು ಅಪಾರ್ಟ್‌ಮೆಂಟ್, ಬಿಸಿಲು ಬರೋದೇ ಅರ್ಧ ದಿನ. ಆಗುತ್ತಾ?" ಅಂತ. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಕಾಡಿನ ಅಂಚಿನಲ್ಲಿ, ಬೇಲಿಯ ಕೆಳಗೆ, ತೋಟದ ಮರಗಳ ನಡುವೆ ತಾನಾಗಿ ಬೆಳೆಯುವ ಗಿಡ ಇದು. ಅರ್ಧ ನೆರಳಿನಲ್ಲಿ ಎಲೆ ಅಗಲ, ಬಣ್ಣ ಕಡು ಹಸಿರು. ಪೂರ್ತಿ ಬಿಸಿಲಿನಲ್ಲಿ ಗಿಡ ಗಿಡ್ಡ, ಎಲೆ ಚಿಕ್ಕದು. ನೀರು ಕಡಿಮೆಯಾದರೆ, ಚಳಿ ಬಂದರೆ ಕಾಂಡ ಮತ್ತು ಎಲೆಗೆ ನೇರಳೆ ಛಾಯೆ ಬರುತ್ತದೆ. ಅದು ರೋಗ ಅಲ್ಲ. ಹಿಮ ಬೀಳುವ ಊರುಗಳಲ್ಲಿ ಇದು ಸತ್ತೇಹೋಗುತ್ತದೆ. ನಮ್ಮ ಚಳಿ ಇದಕ್ಕೆ ಲೆಕ್ಕಕ್ಕಿಲ್ಲ.

ಗಿಡ ಬೆಳೆಯುತ್ತಾ ಹೋದ ಹಾಗೆ ಮೆಣಸಿನ ಗಿಡದ ಹಾಗೆ ಕಾಣುತ್ತದೆ. ಎಲೆಯ ಆಕಾರ ಹಾಗೇ ಇದೆ. ನಮ್ಮ ಪಕ್ಕದ ಮನೆಯವರು ಒಂದು ತಿಂಗಳು ಮೆಣಸಿನಕಾಯಿ ಬಿಡುತ್ತದೆ ಅಂತಲೇ ನೀರು ಹಾಕಿದ್ದರು. ಗುರುತು ಹಿಡಿಯಲು ಕಾಂಡವನ್ನು ಮುಟ್ಟಿ ನೋಡಿ. ಎರಡು ಬೆರಳಿನ ನಡುವೆ ಉರುಳಿಸಿದರೆ ಉರುಳುವುದಿಲ್ಲ, ಮೂಲೆ ಸಿಗುತ್ತದೆ. ನಾಲ್ಕು ಮೂಲೆ, ಚೌಕ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಒಂದು ಜೋಡಿ ಪೂರ್ವ ಪಶ್ಚಿಮಕ್ಕೆ ನೋಡಿದರೆ ಅದರ ಮೇಲಿನ ಜೋಡಿ ಉತ್ತರ ದಕ್ಷಿಣಕ್ಕೆ. ಮೆಣಸಿನ ಗಿಡದಲ್ಲಿ ಇವೆರಡೂ ಇಲ್ಲ. ವಾಸನೆ ಇಲ್ಲದಿರುವುದೂ ಒಂದು ಗುರುತೇ. ಎಲ್ಲಕ್ಕಿಂತ ಕೊನೆಯ ಸಾಕ್ಷಿ ನಾಲಿಗೆ. ಆದರೆ ಗೊತ್ತಿಲ್ಲದ ಗಿಡವನ್ನು ಮೊದಲು ನಾಲಿಗೆಗೆ ಇಡಬೇಡಿ. ನಾಲಿಗೆಯ ಸರದಿ ಕೊನೆಯಲ್ಲಿ.

ಕಹಿಯಾದ್ದರಿಂದ ದನ ತಿನ್ನುವುದಿಲ್ಲ. ದೊಡ್ಡ ಗಿಡಕ್ಕೆ ಹುಳುವಿನ ಕಾಟವೂ ನನ್ನ ತೋಟದಲ್ಲಿ ಕಂಡಿಲ್ಲ. ತಿಂಗಳಿಗೊಮ್ಮೆ ಒಂದು ಹಿಡಿ ಗೊಬ್ಬರ, ಕಳೆ ಬಂದರೆ ಕೀಳುವುದು, ಮಳೆ ಕೈಕೊಟ್ಟರೆ ನೀರು. ಬೇರೇನೂ ಕೆಲಸ ಇಲ್ಲ. ಬಾಗಿದ ಕೊಂಬೆಯ ಗೆಣ್ಣು ಮಣ್ಣಿಗೆ ತಾಗಿದರೆ ಅಲ್ಲೇ ಬೇರು ಬಿಡುತ್ತದೆ. ಅದನ್ನು ಕತ್ತರಿಸಿ ಬೇರೆ ಕುಂಡಕ್ಕೆ ಹಾಕಿದರೆ ಇನ್ನೊಂದು ಗಿಡ. ಬೀಜಕ್ಕೆ ಹೆದರುವವರು ಹೀಗೆ ಶುರು ಮಾಡಬಹುದು.

ದಸರಾ ಹೊತ್ತಿಗೆ ತುದಿಗಳಲ್ಲಿ ಮೊಗ್ಗು ಕಾಣುತ್ತದೆ. ಹೂವು ಹತ್ತಿರ ಹೋಗದಿದ್ದರೆ ಕಾಣುವುದೇ ಇಲ್ಲ, ಅಷ್ಟು ಚಿಕ್ಕದು. ಬಿಳಿ ಬಣ್ಣ, ಎರಡು ತುಟಿ, ತುಟಿಯ ಮೇಲೆ ನೇರಳೆ ಮಚ್ಚೆ. ಸಾಧ್ಯವಾದರೆ ಒಂದು ಭೂತಗನ್ನಡಿಯಲ್ಲಿ ನೋಡಿ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ತೋರಿಸಿ. ಬರಿಗಣ್ಣಿಗೆ ಬಿಳಿ ಚುಕ್ಕೆಯಷ್ಟೇ ಆಗಿದ್ದದ್ದು ಗಾಜಿನ ಕೆಳಗೆ ಮೈತುಂಬ ನವಿರು ಕೂದಲಿರುವ, ಕಡು ಬಣ್ಣದ ಕೇಸರ ಚಾಚಿದ ಹೂವಾಗುತ್ತದೆ.

ಸೊಪ್ಪು ಕೊಯ್ಯುವುದು ಯಾವಾಗ ಅಂದರೆ ಇದೇ ಹೊತ್ತಿನಲ್ಲಿ. ನೆಟ್ಟು 90ರಿಂದ 120 ದಿನ, ಮೊಗ್ಗು ಬಿಟ್ಟು ಹೂವು ಶುರುವಾಗುವ ಹಂತ. ಆಗ ಎಲೆಯಲ್ಲಿ ಕಹಿಯ ಅಂಶ ಅತಿ ಹೆಚ್ಚು. ಕಾಯಿ ಕಟ್ಟಿದ ಮೇಲೆ ಎಲೆ ಉದುರುತ್ತದೆ, ಸತ್ವವೂ ಇಳಿಯುತ್ತದೆ. ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ಬೇರುಸಮೇತ ಕೀಳಬೇಡಿ. ಉಳಿದ ಮೋಟು ಮತ್ತೆ ಚಿಗುರಿ ಎರಡು ತಿಂಗಳಲ್ಲಿ ಇನ್ನೊಂದು ಸಣ್ಣ ಕೊಯ್ಲು ಕೊಡುತ್ತದೆ. ಒಂದೆರಡು ಗಿಡವನ್ನು ಮಾತ್ರ ಮುಟ್ಟದೆ ಬೀಜಕ್ಕೆ ಬಿಡಿ.

ಒಣಗಿಸುವುದು ನೆರಳಿನಲ್ಲಿ, ಗಾಳಿಯಾಡುವ ಕಡೆ. ಸಣ್ಣ ಕಟ್ಟು ಮಾಡಿ ತಲೆಕೆಳಗಾಗಿ ತೂಗುಹಾಕಿದರೆ ಸರಿ. ಎಲೆ ಹಸಿರಾಗಿಯೇ ಒಣಗಿ, ಮುಟ್ಟಿದರೆ ಚುರುಚುರು ಅನ್ನಬೇಕು. ಕಪ್ಪಾದರೆ ಎಲ್ಲೋ ತೇವ ನಿಂತಿದೆ ಅಂತ. ಬೂಸ್ಟು ಬಂದರೆ ಒಂದು ಎಲೆಯನ್ನೂ ಉಳಿಸಿಕೊಳ್ಳಬೇಡಿ. ಒಂದು ಚೆನ್ನಾದ ಗಿಡದಿಂದ ಒಣಗಿದ ಮೇಲೆ ಸಿಗುವುದು 10–15 ಗ್ರಾಂ. ಮನೆಗೆ ನಾಲ್ಕೈದು ಗಿಡ ಬೇಕಾದಷ್ಟಾಯಿತು. ಗಾಜಿನ ಬಾಟಲಿಗೆ ಹಾಕಿ, ಚೀಟಿ ಅಂಟಿಸಿ, ಚೀಟಿಯಲ್ಲಿ ಹೆಸರು ಮತ್ತು ತಿಂಗಳು ಬರೆಯಿರಿ. ಬರೆಯದೆ ಇಟ್ಟ ಸೊಪ್ಪು ಆರು ತಿಂಗಳ ಮೇಲೆ ಬರೀ ಒಣಗಿದ ಸೊಪ್ಪು, ಯಾವುದರದ್ದು ಅಂತ ನೆನಪಿರುವುದಿಲ್ಲ.

ಬೀಜದ ಮಾತು ಹೇಳಿಬಿಡುತ್ತೇನೆ. ನನಗೆ ಈ ಗಿಡದಲ್ಲಿ ತುಂಬ ಇಷ್ಟವಾದದ್ದು ಅದೇ. ಕಾಯಿ ಸುಮಾರು ಎರಡು ಸೆಂಟಿಮೀಟರ್ ಉದ್ದ, ಎರಡೂ ತುದಿ ಚೂಪು, ನಡುವೆ ಒಂದು ಗೆರೆ. ಒಂದು ಜನವರಿ ಮಧ್ಯಾಹ್ನ, ಒಣಗಿದ ಕಾಯಿಗಳ ಕೊಂಬೆ ಕತ್ತರಿಸಿ ಮೊರದಲ್ಲಿ ಹಾಕಿ ತಾರಸಿಯ ಮೇಲೆ ಇಟ್ಟಿದ್ದೆ. ಪಕ್ಕದಲ್ಲಿ ಪೇಪರು ಓದುತ್ತಾ ಕೂತಿದ್ದೆ. ಚಿಟ್ ಅಂತ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಪೇಪರಿನ ಮೇಲೆ ಏನೋ ಬಿದ್ದು ಪುಟಿಯಿತು. ಬಗ್ಗಿ ನೋಡಿದರೆ ಬೀಜ! ಬಿಸಿಲು ಏರಿದ ಹಾಗೆ ಮೊರದ ತುಂಬ ಚಿಟ್ ಚಿಟ್ ಸದ್ದು. ಬೀಜಗಳು ಮೊರ ದಾಟಿ, ಕಟ್ಟೆ ದಾಟಿ ಹೋಗುತ್ತಿದ್ದವು. ಕನಕಾಂಬರದ ಒಣಗಿದ ತೆನೆಗೆ ನೀರು ಬಿದ್ದರೆ ಕಾಯಿ ಸಿಡಿಯುವುದನ್ನು ನೀವೆಲ್ಲ ನೋಡಿದ್ದೀರಿ. ಅದೇ ಮನೆತನದ ವಿದ್ಯೆ ಇದು. ಕನಕಾಂಬರ ನೀರಿಗೆ ಸಿಡಿಯುತ್ತದೆ, ಇದು ಒಣಗಿ ಸಿಡಿಯುತ್ತದೆ. ಒಡೆದ ಕಾಯಿಯನ್ನು ನೋಡಿದರೆ ಒಳಗೆ ಪ್ರತಿ ಬೀಜದ ಕೆಳಗೂ ಕೊಕ್ಕೆಯಂಥ ಒಂದು ಸಣ್ಣ ಕಡ್ಡಿ ಇರುತ್ತದೆ. ಬೀಜವನ್ನು ಎತ್ತಿ ಎಸೆಯುವುದಕ್ಕೆ ಅದೇ ಕೈ.

ಅವತ್ತು ಅರ್ಧಕ್ಕಿಂತ ಜಾಸ್ತಿ ಬೀಜ ಹೋಯಿತು. ಈಗ ಕಾಯಿ ಕಂದು ಬಣ್ಣಕ್ಕೆ ತಿರುಗಿದ ತಕ್ಷಣ ಬೆಳಿಗ್ಗೆಯೇ, ಇಬ್ಬನಿ ಆರುವ ಮುಂಚೆ ಕೊಂಬೆ ಕತ್ತರಿಸಿ, ದೊಡ್ಡ ಕಾಗದದ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತೇನೆ. ಎರಡು ದಿನ ಚೀಲದೊಳಗೆ ಸದ್ದು ಕೇಳುತ್ತದೆ. ಸದ್ದು ನಿಂತ ಮೇಲೆ ಬಿಚ್ಚಿದರೆ ಬೀಜ ತಳದಲ್ಲಿ ಇರುತ್ತದೆ.

ಈಗ ಕಷಾಯದ ವಿಷಯ. ಇದನ್ನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ನಾನು ವೈದ್ಯ ಅಲ್ಲ, ತೋಟ ಮಾಡುವವನು. ಎಷ್ಟು ಕುಡಿಯಬೇಕು ಅಂತ ನಾನು ಹೇಳುವುದಿಲ್ಲ. ಅದನ್ನು ನಿಮ್ಮನ್ನು ನೋಡಿ, ನಿಮ್ಮ ಮಾತ್ರೆಗಳ ಪಟ್ಟಿ ನೋಡಿ ವೈದ್ಯರು ಹೇಳಬೇಕು.

ಈ ಗಿಡವನ್ನು ನಂಬಿದ ಜನ ಏಷ್ಯಾದ ತುಂಬ ಇದ್ದಾರೆ. ಬಂಗಾಳದಲ್ಲಿ ಹಸಿ ಎಲೆಯ ರಸಕ್ಕೆ ಏಲಕ್ಕಿ, ಲವಂಗ ಸೇರಿಸಿ ಒಣಗಿಸಿ ‘ಆಲುಯಿ’ ಅನ್ನುವ ಗುಳಿಗೆ ಮಾಡಿ ಹೊಟ್ಟೆನೋವಿಗೆ ಕೊಡುವ ರೂಢಿ ಇತ್ತು. ತಮಿಳುನಾಡಿನಲ್ಲಿ ಸಿದ್ಧ ವೈದ್ಯರ ನಿಲವೇಂಬು ಕುಡಿನೀರ್ ಇದೆ. ನೆಲಬೇವಿನ ಜೊತೆ ಲಾವಂಚ, ಗಂಧ, ಕೊನ್ನಾರಿ ಗಡ್ಡೆ, ಶುಂಠಿ, ಮೆಣಸು ಎಲ್ಲ ಸೇರಿ ಒಂಬತ್ತು ವಸ್ತುಗಳ ಕಷಾಯ ಅದು. ಡೆಂಗಿ ಕಾಲದಲ್ಲಿ ಅಲ್ಲಿನ ಸರ್ಕಾರವೇ ಅದನ್ನು ಜನರಿಗೆ ಹಂಚಿತು. ಥಾಯ್ಲೆಂಡಿನಲ್ಲಿ ಇದು ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ. ನೆಗಡಿ, ಗಂಟಲು ಕೆರೆತದಂಥ ತೊಂದರೆ ಸ್ವಲ್ಪ ಬೇಗ ಇಳಿಯುತ್ತದೆ ಅಂತ ತೋರಿಸಿದ ಪ್ರಯೋಗಗಳೂ ಇವೆ. ಅವುಗಳಲ್ಲಿ ಹಲವು ಚಿಕ್ಕವು, ಅಷ್ಟು ಗಟ್ಟಿಯಾಗಿ ನಡೆಸಿದವಲ್ಲ. ಹಾಗಾಗಿ ಇದು ಎಲ್ಲವನ್ನೂ ಗುಣಪಡಿಸುತ್ತದೆ ಅನ್ನುವ ಮೊಬೈಲ್ ಮೆಸೇಜುಗಳನ್ನು ನಂಬಬೇಡಿ.

ಬಸುರಿಯರು ಇದನ್ನು ಕುಡಿಯಬಾರದು. ಮಗು ಬೇಕು ಅಂತ ಕಾಯುತ್ತಿರುವವರೂ ದೂರ ಇರುವುದು ಒಳ್ಳೆಯದು. ಸಕ್ಕರೆ ಕಾಯಿಲೆಗೆ, ಬಿಪಿಗೆ, ರಕ್ತ ತೆಳುವಾಗಿಸಲು ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಕೆಲವರಿಗೆ ಇದರಿಂದ ಅಲರ್ಜಿ ಆಗುತ್ತದೆ, ಅಪರೂಪಕ್ಕೆ ಉಸಿರಿಗೆ ತೊಂದರೆ ಆಗುವಷ್ಟು ಜೋರಾಗಿಯೂ ಆಗಿದೆ. ಆಸ್ಟ್ರೇಲಿಯಾದಲ್ಲಿ ಇದಿರುವ ಮಾತ್ರೆಗಳ ಡಬ್ಬಿಯ ಮೇಲೆ ಆ ಎಚ್ಚರಿಕೆಯನ್ನು ಮುದ್ರಿಸಲೇಬೇಕು.

ನಮ್ಮ ಮನೆಯದೇ ಒಂದು ಘಟನೆ ಹೇಳುತ್ತೇನೆ. ಚಿಕ್ಕಪ್ಪನಿಗೆ ಜ್ವರ ಬಂತು. ಮೈಕೈ ನೋವು, ಕಣ್ಣಿನ ಹಿಂದೆ ನೋವು. ಚಿಕ್ಕಮ್ಮ ನೆಲಬೇವಿನ ಕಷಾಯ ಕೊಟ್ಟರು. ಸೊಪ್ಪು ನಮ್ಮ ಹಿತ್ತಲಿನದು, ನಾನೇ ಒಣಗಿಸಿ ಕೊಟ್ಟದ್ದು. ನಾಲ್ಕನೇ ದಿನ ಜ್ವರ ಬಿಟ್ಟಿತು. ಚಿಕ್ಕಮ್ಮ ಫೋನು ಮಾಡಿ, "ನಿನ್ನ ಗಿಡ ಕೆಲಸ ಮಾಡ್ತು ಕಣೋ" ಅಂದರು. ನನಗೂ ಹೆಮ್ಮೆ ಆಯಿತು. ಐದನೇ ದಿನ ಬೆಳಿಗ್ಗೆ ಚಿಕ್ಕಪ್ಪ ವಾಂತಿ ಮಾಡಿಕೊಂಡರು, ಹೊಟ್ಟೆ ಹಿಡಿದುಕೊಂಡು ಕೂತರು, ಕೈಕಾಲು ತಣ್ಣಗಾಯಿತು. ಆಸ್ಪತ್ರೆಗೆ ಹೋದಾಗ ಗೊತ್ತಾದದ್ದು ಡೆಂಗಿ ಅಂತ. ಪ್ಲೇಟ್‌ಲೆಟ್ ತುಂಬ ಇಳಿದಿತ್ತು. ವಾರ ಕಳೆದು ಮನೆಗೆ ಬಂದರು, ಈಗ ಚೆನ್ನಾಗಿದ್ದಾರೆ.

ಡೆಂಗಿಯಲ್ಲಿ ಜ್ವರ ಮೂರರಿಂದ ಏಳನೇ ದಿನದೊಳಗೆ ತಾನಾಗಿ ಇಳಿಯುತ್ತದೆ. ಅಪಾಯ ಶುರುವಾಗುವುದೇ ಆಗ. ನಾವು ಕಷಾಯಕ್ಕೆ ಶಹಬ್ಬಾಸ್ ಹೇಳುತ್ತಾ ಕೂತ ಆ ಒಂದು ದಿನ ಎಲ್ಲಕ್ಕಿಂತ ಕೆಟ್ಟ ದಿನವಾಗಿತ್ತು. ಗಿಡದ ತಪ್ಪು ಅಲ್ಲ ಅದು. ಜ್ವರ ಯಾವುದು ಅಂತ ತಿಳಿಯದೆ ಕೊಟ್ಟದ್ದು ನಮ್ಮ ತಪ್ಪು. ಗಿಡದ ಹೆಸರು ತಿಳಿಯದೆ ಕುಡಿಯಬಾರದು ಅಂತ ಇಷ್ಟು ಹೊತ್ತು ಹೇಳಿದೆ. ಕಾಯಿಲೆಯ ಹೆಸರು ತಿಳಿಯದೆ ಕುಡಿಯುವುದೂ ಅಷ್ಟೇ. ಎರಡು ದಿನಕ್ಕಿಂತ ಹೆಚ್ಚು ಜ್ವರ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಕಷಾಯ ಎಲ್ಲಿಗೂ ಓಡಿಹೋಗುವುದಿಲ್ಲ.

ಮುಂದಿನ ಸಾಲಿನ ಒಬ್ಬ ತಾಯಿ ಕೇಳಿದರು, "ಹಾಗಾದರೆ ಕುಡಿಯೋದೇ ಬೇಡ ಅಂದಮೇಲೆ ಬೆಳೆಸೋದು ಯಾಕೆ?" ಅಂತ. ಕುಡಿಯಬೇಡಿ ಅನ್ನುವುದಿಲ್ಲ ಅಮ್ಮ. ನಿಮ್ಮ ವೈದ್ಯರು ನೆಲಬೇವು ಬರೆದುಕೊಟ್ಟರೆ, ಎಲೆ ತುಂಬಿದ, ಬೂಸ್ಟಿಲ್ಲದ, ಯಾವುದು ಅಂತ ನಿಮಗೆ ಖಚಿತವಾಗಿ ಗೊತ್ತಿರುವ ಸೊಪ್ಪು ನಿಮ್ಮ ಬಾಟಲಿಯಲ್ಲಿ ಇರಬೇಕು. ಅಂಗಡಿಯ ಕಟ್ಟಿನಲ್ಲಿ ಅದು ಸಿಗುವುದು ಕಷ್ಟ. ಇನ್ನೊಂದು, ಈ ಗಿಡ ನಮ್ಮದೇ ನೆಲದ್ದು. ನಮ್ಮ ಅಜ್ಜಿಯರು ಬೇಲಿ ಬದಿಯಲ್ಲಿ ನೋಡಿದ ತಕ್ಷಣ ಗುರುತಿಸುತ್ತಿದ್ದರು. ನನ್ನ ತಲೆಮಾರಿನಲ್ಲೇ ಆ ಕಣ್ಣು ಅರ್ಧ ಹೋಗಿದೆ. ಮಕ್ಕಳ ತಲೆಮಾರಿಗೆ ಪೂರ್ತಿ ಹೋಗುವುದು ನನಗೆ ಇಷ್ಟ ಇಲ್ಲ.

ಹೋಗುವಾಗ ಬಾಗಿಲ ಹತ್ತಿರ ಕಾಗದದ ಪೊಟ್ಟಣಗಳಿವೆ. ಒಬ್ಬರು ಒಂದೊಂದು ತೆಗೆದುಕೊಳ್ಳಿ. ಒಂದೊಂದರಲ್ಲೂ ಮೂವತ್ತು ಬೀಜ ಇದೆ. ಸಂಕ್ರಾಂತಿಯ ಬೀಜ, ಈಗ ನಿದ್ದೆ ತಿಳಿಯುವ ಹೊತ್ತು. ಮರಳಿನಲ್ಲಿ ಉಜ್ಜುವುದನ್ನು ಮರೆಯಬೇಡಿ.

ಎಲ್ಲ ಮುಗಿದು ಎದ್ದ ಮೇಲೆ ಒಬ್ಬ ಹುಡುಗ ಬಂದು ಕೇಳಿದ, "ಅಂಕಲ್, ಇಷ್ಟೆಲ್ಲ ಮಾಡಿಯೂ ಮೊಳಕೆ ಬರದಿದ್ದರೆ?" ಅಂತ. ಮೊದಲ ವರ್ಷ ನಾನು ಹಿತ್ತಲಿನ ಮೂಲೆಗೆ ಸುರಿದ ಮಣ್ಣಿನ ಕಥೆ ಅವನಿಗೆ ಹೇಳಿದೆ. ಮುಂದಿನ ಮುಂಗಾರಿಗೆ, ಯಾರೂ ನೀರು ಹಾಕದ ಆ ಗುಡ್ಡೆಯ ಮೇಲೆ ಹನ್ನೊಂದು ಸಸಿ ನಿಂತಿದ್ದವು. ನಿನ್ನ ಟ್ರೇಯನ್ನು ಒಂದು ವರ್ಷ ಹಾಗೇ ಇಡು ಅಂದೆ.